ಮಂಡ್ಯದ ಮಿಲಿಟರಿ ಹೋಟೆಲಿನಲ್ಲಿ ಬೋಟಿ ಗೊಜ್ಜು ಮೆತ್ತಗಿತ್ತು, ಲಿವರ್ ಫ್ರೈ ಮಾತ್ರ ರಬ್ಬರಿನಂತಿತ್ತು. ಏಕೆ?

ಬೋಟಿ ಬಹಳ ಹೊತ್ತು ಬೆಂದಷ್ಟೂ ಮೆತ್ತಗಾಗುತ್ತದೆ, ಲಿವರ್ ಬಹಳ ಹೊತ್ತು ಬೆಂದರೆ ಗಟ್ಟಿಯಾಗುತ್ತದೆ. ನಿಮ್ಮ ತಟ್ಟೆಗೆ ಬಂದ ಲಿವರ್ ಹೆಚ್ಚು ಬೆಂದಿತ್ತು ಅಥವಾ ಮತ್ತೆ ಬಿಸಿಯಾಗಿತ್ತು.

ಬೋಟಿ, ಅಂದರೆ ಕುರಿ ಮೇಕೆಗಳ ಜಠರ ಮತ್ತು ಕರುಳಿನಲ್ಲಿ, ಕೊಲಾಜನ್ ಎಂಬ ಬಿಗಿಯಾದ ನಾರಿನಂತಹ ಪ್ರೋಟೀನು ಹೇರಳವಾಗಿದ್ದು, ನೀರಿನಲ್ಲಿ ನಿಧಾನವಾಗಿ ಬೆಂದಾಗ ಅದು ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಕುಡಿದಾಗ ತುಟಿಗೆ ತುಟಿ ಅಂಟುವುದು ಇದೇ ಜೆಲಟಿನ್‌ನಿಂದ. ಲಿವರಿನಲ್ಲಿ ಕೊಲಾಜನ್ ತೀರಾ ಕಡಿಮೆ. ಆದ್ದರಿಂದ ಬೆಂಕಿಯ ಮೇಲೆ ಉಳಿದಷ್ಟೂ ಕರಗಲು ಏನೂ ಇಲ್ಲದೆ, ಅದರ ಪ್ರೋಟೀನುಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಒಳಗಿನ ಕೆಂಪು ಪೂರ್ತಿ ಹೋದ ಕೂಡಲೇ ಅದನ್ನು ಬಾಣಲೆಯಿಂದ ಇಳಿಸಬೇಕು.

ಮೊದಲ ಸಲ ರುಚಿ ನೋಡುವವರು ಬೋಟಿ ಗೊಜ್ಜನ್ನು ಬಿಸಿ ಮುದ್ದೆಯೊಂದಿಗೆ ಧೈರ್ಯವಾಗಿ ಕೇಳಿ. ಅದು ಇನ್ನೊಮ್ಮೆ ಕುದಿದರೂ ಕೆಡುವುದಿಲ್ಲ. ಲಿವರನ್ನು ಮಾತ್ರ ಆಗಲೇ ಹುರಿದು ಕೊಡುವಂತೆ ಹೇಳಿ. ಬೋಟಿ ವಾಸನೆ ಹೊಡೆದರೆ, ಅದು ಸಾಮಾನ್ಯವಾಗಿ ಮಸಾಲೆಯ ದೋಷವಲ್ಲ. ಬಿಸಿನೀರಿನಲ್ಲಿ ಅದ್ದಿ, ಟವೆಲಿನಂತೆ ಒರಟಾದ ಒಳಪದರವನ್ನು ಚಾಕುವಿನಿಂದ ಚೆನ್ನಾಗಿ ಕೆರೆದು ತೊಳೆದಿಲ್ಲ ಎಂದರ್ಥ.