ಕ್ಯಾಮೆರಾ ಬಂದ್ ಅದ, ಯಾರು ನೋಡ್ತಾರ?

ಪ್ರಶ್ನೆ: ನಮ್ಮ ಯಜಮಾನರದು ರಸ್ತೆ ಕಾಮಗಾರಿ ಕೆಲಸ. ಎರಡು ವರ್ಷದಲ್ಲಿ ಬಸವಕಲ್ಯಾಣ, ಹುಮನಾಬಾದ್, ಈಗ ಬೀದರ್ ಅಂತ ಮೂರು ಮನೆ ಬದಲಾಯಿಸಿದ್ದೇವೆ. ಅದಕ್ಕೇ ಮಗನನ್ನು ಆನ್‌ಲೈನ್ ಶಾಲೆಗೆ ಹಾಕಿದೆವು. ಆರನೇ ತರಗತಿ. ಮೊದಲ ಎರಡು ತಿಂಗಳು ತಾನೇ ಎದ್ದು ಕೂರುತ್ತಿದ್ದ. ಈಗ ಕ್ಲಾಸ್ ಹಚ್ಚಿಟ್ಟು ಕಿಟಕಿ ನೋಡುತ್ತಾ ಕೂರುತ್ತಾನೆ. ಎಲ್ಲಾ ಕ್ಲಾಸ್ ಮುಗಿಸಿದರೆ ದಿನಕ್ಕೆ 20 ರೂಪಾಯಿ ಅಂದೆ. ಒಂದು ವಾರ ನಡೆಯಿತು. ಈಗ 50 ಕೇಳುತ್ತಾನೆ. ಬೈದರೆ, "ನನ್ನ ಕ್ಯಾಮೆರಾ ಬಂದ್ ಅದ ಅವ್ವಾ, ಯಾರು ನೋಡ್ತಾರ?" ಅಂತಾನೆ. ಏನು ಮಾಡಲಿ?
– ಒಬ್ಬ ತಾಯಿ, ಬೀದರ್

ಉತ್ತರ: ನಿಮ್ಮ ಮಗ ಸೋಮಾರಿ ಅಲ್ಲ, ತಾಯಿ. ಅವನ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಅದು ಉದ್ಧಟತನದ ಮಾತು ಅಂತ ನನಗೆ ಅನ್ನಿಸಲಿಲ್ಲ. ನಾನು ಮಾಡಿದ್ದನ್ನು ಯಾರೂ ನೋಡುವುದಿಲ್ಲ ಅನ್ನುವ ಸಂಕಟ ಅದರಲ್ಲಿದೆ.

ಇದು ನನಗೆ ಗೊತ್ತಾಗಿದ್ದು 2020ರಲ್ಲಿ. ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಗುಡಿ ಕಟ್ಟೆ ಮೇಲೆ ಕೂರಿಸಿ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದದ್ದು ವಾಟ್ಸಾಪ್ ಮಾತ್ರ. ಏಳನೇ ತರಗತಿಯ ಒಬ್ಬ ಹುಡುಗ ರಾತ್ರಿ ಅಪ್ಪ ಹೊಲದಿಂದ ಬಂದ ಮೇಲೆ ಅಪ್ಪನ ಫೋನಿನಲ್ಲಿ ಲೆಕ್ಕದ ಫೋಟೋ ಕಳಿಸುತ್ತಿದ್ದ. ನಾನು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಎಲ್ಲರಿಗೂ ಅದೇ. ಬರಬರುತ್ತಾ ಅವನ ಫೋಟೋ ಕಡಿಮೆಯಾದವು.

ಒಂದು ರಾತ್ರಿ ಒಂದು ಫೋಟೋ ಬಂತು. ಕಾಲು ಮತ್ತು ಆರನೇ ಒಂದು ಭಾಗ ಕೂಡಿಸುವ ಲೆಕ್ಕ. ಕೆಳಗೆ 12 ಬರೆದು, ಹಾಳೆ ಹರಿಯುವ ಹಾಗೆ ಉಜ್ಜಿ, 24 ಮಾಡಿ, ಅದನ್ನೂ ಉಜ್ಜಿ ಮತ್ತೆ 12 ಮಾಡಿದ್ದ. ಹೆಬ್ಬೆರಳು ಒತ್ತಲು ಮನಸ್ಸಾಗಲಿಲ್ಲ. "ಮತ್ತೆ 12ಕ್ಕೇ ಯಾಕೆ ಬಂದೆ?" ಅಂತ ಕೇಳಿದೆ. ನಾಲ್ಕು ನಿಮಿಷದ ವಾಯ್ಸ್ ಕಳಿಸಿದ. ಹಿಂದೆ ಆಡುಗಳು ಕೂಗುತ್ತಿದ್ದವು. "24 ಹಾಕಿದ್ರೂ ಬರ್ತದ ಟೀಚರ್, ಆದ್ರ ಕಡೀಕ ಮತ್ತ ಭಾಗಿಸಬೇಕಾಗ್ತದ" ಅಂದ. ಮರುದಿನದಿಂದ ಒಂದು ದಿನವೂ ಫೋಟೋ ತಪ್ಪಲಿಲ್ಲ.

ಹಾಗಾಗಿ ದಿನಕ್ಕೆ ಹದಿನೈದು ನಿಮಿಷ ಅವನ ನೋಟ್‌ಬುಕ್ ನೋಡಿ. ಸರಿ ತಪ್ಪು ಹುಡುಕಲು ಹೋಗಬೇಡಿ. ಎಲ್ಲಿ ಅಳಿಸಿದ್ದಾನೆ, ಎಲ್ಲಿ ಅರ್ಧಕ್ಕೆ ಬಿಟ್ಟಿದ್ದಾನೆ ನೋಡಿ, ಅಲ್ಲೊಂದು ಪ್ರಶ್ನೆ ಕೇಳಿ. ನಿಮಗೆ ಆ ಪಾಠ ಬರದಿದ್ದರೆ ಇನ್ನೂ ಒಳ್ಳೆಯದು. ನೀವು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಅವನೇ ನಿಮಗೆ ಕಲಿಸಲಿ. ಶಾಲೆಯವರಿಗೂ ಹೇಳಿ, ವಾರಕ್ಕೆ ಒಮ್ಮೆಯಾದರೂ ಅವನ ಹೆಸರು ಹಿಡಿದು ಕರೆದು ಮಾತಾಡಿಸಲಿ. ಹುಮನಾಬಾದಿನಲ್ಲಿ ಒಬ್ಬ ಗೆಳೆಯ ಇದ್ದಿರಬೇಕಲ್ವಾ? ಸಂಜೆ ವಿಡಿಯೋ ಕಾಲ್ ಹಚ್ಚಿ ಇಬ್ಬರೂ ಕೂಡಿ ಹೋಂವರ್ಕ್ ಮಾಡಲಿ.

ಕಷ್ಟದ ಪಾಠ ಬೆಳಿಗ್ಗೆಯೇ ಮುಗಿಯಲಿ. ನಮ್ಮ ಬಿಸಿಲಿಗೆ ಬೇಸಿಗೆಯಲ್ಲಿ ಸರಕಾರಿ ಕಚೇರಿಗಳೇ ಎಂಟಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಮಧ್ಯಾಹ್ನ ಎರಡಕ್ಕೆ ಮಗುವನ್ನು ಪರದೆ ಮುಂದೆ ಕೂರಿಸಿದರೆ ತಲೆಗೆ ಏನು ಹತ್ತೀತು? ಕಣ್ಣೂ ಒಮ್ಮೆ ಪರೀಕ್ಷೆ ಮಾಡಿಸಿ. ಅಕ್ಷರ ಮಂಜಾಗಿ ಕಂಡರೂ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ.

ನೀವಿರುವುದು ಬೀದರಿನಲ್ಲಿ. ಅದು ದೊಡ್ಡ ಅದೃಷ್ಟ. ಭಾನುವಾರ ನೌಬಾದಿನ ಕರೇಜ್‌ಗೆ ಕರೆದುಕೊಂಡು ಹೋಗಿ. ಬಹಮನಿ ಕಾಲದಲ್ಲಿ ನೆಲದೊಳಗೆ ಕೊರೆದ ನೀರಿನ ಸುರಂಗ ಅದು. ಮೇಲೆ ಸಾಲಾಗಿ ಬಾವಿಯಂಥ ಬಾಯಿಗಳಿವೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಅಂತ ಅವನು ಎಣಿಸಲಿ, ನೀವು ಕೈ ಹಿಡಿದಿರಿ, ಬಾಯಿ ಹತ್ತಿರ ಒಬ್ಬನನ್ನೇ ಬಿಡಬೇಡಿ. ಬಿದರಿ ಕೆಲಸ ಮಾಡುವ ಓಣಿಗೂ ಹೋಗಿ. ಸತು ಮತ್ತು ತಾಮ್ರದ ಪಾತ್ರೆ, ಮೇಲೆ ಬೆಳ್ಳಿಯ ಎಳೆ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಸೇರಿಸಿ ಕುದಿಸಿದ ನೀರು ತಾಗಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾಕೆ ಅಂತ ಅವನೇ ಕೇಳುತ್ತಾನೆ. ಆ ಪ್ರಶ್ನೆಯನ್ನು ಬರೆದಿಟ್ಟು ಸೋಮವಾರ ವಿಜ್ಞಾನದ ಟೀಚರ್ ಮುಂದೆ ಇಡಲಿ.

ಇನ್ನು ಹಣದ ವಿಷಯ. ನಿಲ್ಲಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಬಣ್ಣದ ಪೆನ್ನು ಕಂಡರೆ ಪ್ರಾಣ ಬಿಡುವ ಪುಟ್ಟ ಮಕ್ಕಳನ್ನು ಆರಿಸಿದರು. ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಆಸೆ ಹಚ್ಚಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಸ್ವಲ್ಪ ದಿನ ಬಿಟ್ಟು ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದಾಗ, ಆಸೆ ಹಚ್ಚಿಸಿಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಆಡಿದರು. ನಿಮ್ಮ ಮನೆಯಲ್ಲೂ ಪಾಠ ಈಗ ಕೂಲಿ ಕೆಲಸವಾಗಿದೆ, ಅದಕ್ಕೇ 20 ಹೋಗಿ 50 ಬಂದಿದೆ. ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಕೂರಿಸಿಕೊಂಡು, "ಹಣ ಕೊಟ್ಟಿದ್ದು ನನ್ನ ತಪ್ಪು, ಇನ್ನು ಮೇಲೆ ನಾನು ನೋಡ್ತೀನಿ, ನೀನು ತೋರಿಸು" ಅಂತ ಹೇಳಿ. ಈ ವಾರದ್ದು ಬಾಕಿ ಇದ್ದರೆ ಮಾತ್ರ ಎಣಿಸಿ ಕೊಟ್ಟುಬಿಡಿ.