ಹೊಗೆಸೊಪ್ಪಿನ ಹೊದಿಕೆಯೂ ಪುದೀನದ ಮಡಿಯೂ

ಪ್ರಶ್ನೆ: ನಮ್ಮದು ಹುಣಸೂರು ತಾಲ್ಲೂಕು. ಹೊಗೆಸೊಪ್ಪು ಬಿಡಿಸಿದ ಮೇಲೆ ಉಳಿಯುವ ಕಡ್ಡಿ, ಪುಡಿಸೊಪ್ಪುಗಳನ್ನು ಹಿತ್ತಲಿನ ಮಡಿಗಳಿಗೆ ಹೊದಿಸುತ್ತೇವೆ. ಅದರಲ್ಲಿರುವ ನಿಕೋಟಿನ್ ಪುದೀನ, ಕೊತ್ತಂಬರಿಗಳಿಗೂ ಸೇರುತ್ತದೆಯೇ? ಸೇರಿದರೆ ತೊಳೆದಾಗ ಹೋಗುತ್ತದೆಯೇ?

ಉತ್ತರ: ಸೇರುತ್ತದೆ, ಮತ್ತು ತೊಳೆದರೆ ಹೋಗುವುದಿಲ್ಲ, ಏಕೆಂದರೆ ಅದು ಎಲೆಯ ಮೇಲೆ ಅಂಟಿಕೊಂಡಿರುವುದಲ್ಲ, ಬೇರಿನ ಮೂಲಕ ಒಳಗೆ ಬಂದಿರುವುದು.

ಕೊಳೆಯುವ ಸೊಪ್ಪಿನಿಂದ ನಿಕೋಟಿನ್ ಮಳೆನೀರಿನಲ್ಲೋ ನೀವು ಹಾಯಿಸುವ ನೀರಿನಲ್ಲೋ ಕರಗಿ ಮಣ್ಣಿಗಿಳಿಯುತ್ತದೆ. ಅದರ ಅಣು ಚಿಕ್ಕದು. ವಿದ್ಯುದಂಶವಿಲ್ಲದ ರೂಪದಲ್ಲಿರುವಾಗ ಬೇರಿನ ಜೀವಕೋಶದ ಪೊರೆಯನ್ನು ಯಾವ ವಾಹಕದ ನೆರವೂ ಇಲ್ಲದೆ ದಾಟಬಲ್ಲದು. ಅಲ್ಲಿಂದ ನೀರಿನೊಡನೆ ಎಲೆಗೇರಿ, ಎಲೆಯ ಕೋಶಗಳೊಳಗಿನ ಆಮ್ಲೀಯ ರಸಕೋಶಗಳಲ್ಲಿ ವಿದ್ಯುದಂಶ ಪಡೆದು, ಮರಳಿ ಹೊರಬರಲಾಗದೆ ಅಲ್ಲಿಯೇ ಉಳಿಯುತ್ತದೆ. ನೀರು ಹೆಚ್ಚಾಗಿ ಆವಿಯಾಗುವುದು ಎಲೆಗಳಿಂದಲೇ ಆದ್ದರಿಂದ ಈ ವಿಷಯದಲ್ಲಿ ಸೊಪ್ಪುಗಳ ಬಗ್ಗೆಯೇ ಹೆಚ್ಚು ಎಚ್ಚರಿಕೆ ಬೇಕು.

ಜರ್ಮನಿಯ ಬ್ರೌನ್‌ಷ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯದ ಡಿರ್ಕ್ ಸೆಲ್ಮಾರ್ ಮತ್ತು ಸಂಗಡಿಗರು ಇದನ್ನು ಪುದೀನದ ಮೇಲೆಯೇ ಪರೀಕ್ಷಿಸಿದರು. 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಚದರ ಮೀಟರಿಗೆ ಸೇದಿ ಎಸೆದ ಒಂದೇ ಒಂದು ಸಿಗರೇಟು ತುಂಡು ಬಿದ್ದಿದ್ದರೂ ಗಿಡಗಳಲ್ಲಿ ನಿಕೋಟಿನ್ ಗಣನೀಯವಾಗಿ ಸೇರಿ, ಆಹಾರದಲ್ಲಿ ಉಳಿಯಬಹುದಾದ ನಿಕೋಟಿನ್‌ಗೆ ಯುರೋಪು ಹಾಕಿರುವ ಮಿತಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಅದೇ ತಂಡ ಸೆನೆಸಿಯೊ ಎಂಬ ಕಳೆಯಲ್ಲಿರುವ, ಯಕೃತ್ತಿಗೆ ಮಾರಕವಾದ ಪೈರೊಲಿಜಿಡಿನ್ ಆಲ್ಕಲಾಯ್ಡುಗಳೂ (ಗಿಡಗಳೇ ತಯಾರಿಸುವ ಒಂದು ಬಗೆಯ ವಿಷಗಳು) ಹೀಗೆಯೇ ಮಣ್ಣಿನ ಮೂಲಕ ಬೇರೆ ಗಿಡಗಳಿಗೆ ದಾಟುತ್ತವೆಂದು ತೋರಿಸಿತು. ನಮ್ಮ ಹಸಿರೆಲೆ ಗೊಬ್ಬರದ ಸೆಣಬು ಕೂಡ ಈ ಆಲ್ಕಲಾಯ್ಡುಗಳಿರುವ ಕ್ರೊಟಲೇರಿಯಾ ಕುಲದ್ದೇ.

ಹಾಗೆಂದು ಗಾಬರಿಯಾಗುವುದು ಬೇಡ. ಮೇಲೆ ಹೇಳಿದ ಮಿತಿ ತೀರಾ ಕಟ್ಟುನಿಟ್ಟಿನದು. ಅದನ್ನು ದಾಟಿದ ಮಾತ್ರಕ್ಕೆ ಸೊಪ್ಪು ತಿಂದವರಿಗೆ ವಿಷವೇರುತ್ತದೆಂದು ಅರ್ಥವಲ್ಲ. ಬದನೆ, ಟೊಮೆಟೊಗಳಲ್ಲಿ ಸ್ವಭಾವತಃ ಅತ್ಯಲ್ಪ ನಿಕೋಟಿನ್ ಇದ್ದೇ ಇರುತ್ತದೆ. ಆದರೆ ಸಿಗರೇಟು ತುಂಡಿಗೇ ಅಷ್ಟಾದರೆ, ನೀವು ಮಡಿಗೆ ಹೊದಿಸುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣ ಎಂಬುದನ್ನು ಮರೆಯುವಂತಿಲ್ಲ. ಹಸಿ ಕಡ್ಡಿಯನ್ನು ನೇರವಾಗಿ ಸೊಪ್ಪಿನ ಮಡಿಗೆ ಹಾಕಬೇಡಿ. ಸಗಣಿಯೊಡನೆ ಗುಂಡಿಯಲ್ಲಿ ಚೆನ್ನಾಗಿ ಕಳಿಯಲು ಬಿಡಿ. ನಿಕೋಟಿನ್ನನ್ನೇ ಆಹಾರವಾಗಿಸಿಕೊಂಡು ಒಡೆಯುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ, ಅವಕ್ಕೆ ಕಾಲಾವಕಾಶ ಬೇಕಷ್ಟೆ. ಕಳಿತ ಗೊಬ್ಬರವನ್ನೂ ಮೊದಲು ತೆಂಗಿನ ಬುಡಕ್ಕೋ ಹೂಗಿಡಗಳಿಗೋ ಬಳಸುವುದು ನನ್ನ ಸಲಹೆ.