ಹಳೆಯ ಮಲಯಾಳಂ ಸೀರಿಯಲ್‌ಗಳಲ್ಲಿ ಪ್ರೀತಿ, ಸಂಸಾರ ಹೇಗಿರುತ್ತಿತ್ತು?

ನಾನು ಕಾಸರಗೋಡಿನ ಕಡೆಯವನು. ಮನೆಮಾತು ಕನ್ನಡ, ಆದರೆ ಸಂಜೆ ದೀಪ ಹಚ್ಚಿದ ಮೇಲೆ ಟಿವಿಯಲ್ಲಿ ಮಾತ್ರ ಮಲಯಾಳಂ ಚಾನೆಲ್ ಏಷ್ಯಾನೆಟ್. ದೊಡ್ಡಮ್ಮನ ಪಕ್ಕ ಕೂತು ನೋಡಿದ್ದನ್ನು ನೆನಪಿಸಿಕೊಂಡು ಬರೆಯುತ್ತಿದ್ದೇನೆ.

'ಆ ಸೀರಿಯಲ್‌ಗಳಲ್ಲಿ ರೊಮ್ಯಾನ್ಸ್ ಇತ್ತಾ?' ಅಂತ ಯಾರಾದರೂ ಕೇಳಬಹುದು. ಇತ್ತು, ಆದರೆ ಪ್ರೀತಿಸುವುದು ಒಂದು ವಾರ, ಅದರ ಬಾಕಿ ತೀರಿಸುವುದು ಮೂರು ವರ್ಷ. ಒಳ್ಳೆಯ ಉದಾಹರಣೆ 2011ರಲ್ಲಿ ಶುರುವಾದ 'ಕುಂಕುಮಪ್ಪೂವ್'. ಆಶಾ ಶರತ್ ಮಾಡಿದ ಪ್ರೊಫೆಸರ್ ಜಯಂತಿಯ ಹರೆಯದ ಪ್ರೇಮ, ಸೀರಿಯಲ್‌ನ ಕಥೆ ಶುರುವಾಗುವ ಮೊದಲೇ ಮುಗಿದಿರುತ್ತದೆ. ಉಳಿದದ್ದು ಆ ಪ್ರೇಮದಿಂದ ಹುಟ್ಟಿ, ಬೇರೆಲ್ಲೋ ಬೆಳೆದ ಮಗಳು ಶಾಲಿನಿ. ಅವಳು ತನ್ನದೇ ಮಗಳು ಅಂತ ಗೊತ್ತಿಲ್ಲದೆ ಜಯಂತಿ ಅವಳನ್ನು ಕಂಡರೆ ಉರಿದು ಬೀಳುತ್ತಾಳೆ. ದೊಡ್ಡಮ್ಮ ಟಿವಿಗೇ ಕೂಗುತ್ತಿದ್ದರು, 'ಅಯ್ಯೋ ಮಾರಾಯ್ತಿ, ಅದು ನಿನ್ನ ಮಗಳೇ!'

ಶಾಲಿನಿ ಪ್ರೀತಿಸಿದವನು ಮಹೇಶ್. ಕೊನೆಗೆ ಅವಳ ಪಾಲಿಗೆ ಬಂದದ್ದು ರುದ್ರನ್ ಎಂಬ ಗೂಂಡಾ. ಮಜಾ ಏನೆಂದರೆ, ಜನ ಮೆಚ್ಚಿದ ಜೋಡಿ ಅದೇ! ಒರಟ ಮೆಲ್ಲಗೆ ಮೆತ್ತಗಾಗುವುದು, ಅವಳ ಭಯ ಕಡಿಮೆಯಾಗುವುದು, ಇದಿಷ್ಟೇ ರೊಮ್ಯಾನ್ಸ್. ಗೂಂಡಾನನ್ನು ಹೆಂಡತಿ ತಿದ್ದಬೇಕು ಎಂಬ ಲೆಕ್ಕ ಈಗ ನನಗೆ ಹಿಡಿಸುವುದಿಲ್ಲ. ಆಗ ಮಾತ್ರ ಒಂದು ಎಪಿಸೋಡ್ ಬಿಟ್ಟವನಲ್ಲ.

ಅದಕ್ಕೂ ಮೊದಲು 'ಎಂಡೆ ಮಾನಸಪುತ್ರಿ' ಇತ್ತು. ಅಲ್ಲಿ ಗಂಡು ಹೆಣ್ಣಿನ ಪ್ರೀತಿಗಿಂತ ಸೋಫಿ, ಗ್ಲೋರಿ ಎಂಬ ಇಬ್ಬರು ಹೆಂಗಸರ ಜಗಳವೇ ಜಾಸ್ತಿ. ಸೋಫಿ ಅಳಬೇಕು, ಗ್ಲೋರಿ ಹೊಂಚು ಹಾಕಬೇಕು. ಇಂಥವಕ್ಕೆ ಮಲಯಾಳಿಗಳೇ 'ಕಣ್ಣೀರ್ ಸೀರಿಯಲ್' ಅಂತ ಹೆಸರಿಟ್ಟಿದ್ದರು.

ಇನ್ನೂ ಹಿಂದೆ, 90ರ ದಶಕದ ಕೊನೆಯಲ್ಲಿ 'ಸ್ತ್ರೀ' ಬರುತ್ತಿತ್ತು. ಅದರಲ್ಲಿ ಮಲಯಾಳಂ ನಟ ಸಿದ್ದಿಕ್ ಜೊತೆ ನಟಿಸಿದವರು ನಮ್ಮ ವಿನಯಾ ಪ್ರಸಾದ್. ನಮ್ಮ ಮನೆಯಲ್ಲಿ ಅದನ್ನು ನೋಡಲು ಅಷ್ಟು ಕಾರಣ ಸಾಕಿತ್ತು.

ಸಂಬಂಧಗಳ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಹೆಂಡತಿ ಗಂಡನನ್ನು 'ಏಟ್ಟಾ' ಎನ್ನುತ್ತಾಳೆ. ಅಣ್ಣನನ್ನು ಕರೆಯುವುದೂ ಹಾಗೆಯೇ. ಬೆಂಗಳೂರಿನಿಂದ ರಜೆಗೆ ಬಂದ ನನ್ನ ತಂಗಿ ಎರಡು ದಿನ ಸುಮ್ನೆ ನೋಡಿ, ಮೂರನೇ ದಿನ ಕೇಳಿದಳು: 'ಅಣ್ಣನ ಮೇಲೆ ಇವಳಿಗೆ ಯಾಕಿಷ್ಟು ಹೊಟ್ಟೆಕಿಚ್ಚು?' ದೊಡ್ಡಮ್ಮ ನಗು ನಿಲ್ಲಿಸುವಷ್ಟರಲ್ಲಿ ಆವತ್ತಿನ ಎಪಿಸೋಡೇ ಮುಗಿದಿತ್ತು.